ಮಾಂಟಿ ಬೌಡನ್ ಆಡಿದ್ದು ಟೆಸ್ಟ್ ಪಂದ್ಯವೇ?

ಕ್ವಿಜ್ ನಡೆಸುವಾಗಲೆಲ್ಲ ನಾನು ಕೇಳುವ ಪ್ರಶ್ನೆ ಒಂದಿದೆ: ಪುರುಷರ ಟೆಸ್ಟ್ ಕ್ರಿಕೆಟ್‌ನಲ್ಲಿ ಇಂಗ್ಲೆಂಡಿನ ಅತಿ ಕಿರಿಯ ನಾಯಕ ಯಾರು? ಉತ್ತರ ಮಾಂಟಿ ಬೌಡನ್, 23 ವರ್ಷ 144 ದಿನ. ಹೇಳಿದ ಕೂಡಲೇ ಯಾರಾದರೂ ಕೇಳೇ ಕೇಳುತ್ತಾರೆ, "ಅದೂ ಒಂದು ಟೆಸ್ಟಾ ಸಾರ್?"

ಅನುಮಾನ ಬರುವುದು ಸಹಜ. 1888-89ರಲ್ಲಿ ಮೇಜರ್ ವಾರ್ಟನ್ ದಕ್ಷಿಣ ಆಫ್ರಿಕಾಕ್ಕೆ ಕರೆದೊಯ್ದದ್ದು ಇಂಗ್ಲೆಂಡಿನ ಪೂರ್ಣ ಬಲದ ತಂಡವಲ್ಲ. ನಾಯಕ ಆಬ್ರಿ ಸ್ಮಿತ್ (ಮುಂದೆ ಹಾಲಿವುಡ್ ನಟನಾದದ್ದು ಇವರೇ) ಕಾಯಿಲೆ ಬಿದ್ದಾಗ ಕೇಪ್‌ಟೌನ್‌ನ ಎರಡನೇ ಪಂದ್ಯಕ್ಕೆ ಸರ್ರೆ ಕೌಂಟಿಯ ಬೌಡನ್ ನಾಯಕನಾದ. ಎದುರಾಳಿಗಳು ಉದುರಿದ್ದು 47ಕ್ಕೆ, ಮತ್ತೆ 43ಕ್ಕೆ. ಜಾನಿ ಬ್ರಿಗ್ಸ್ 28 ರನ್ ಕೊಟ್ಟು 15 ವಿಕೆಟ್ ಕಿತ್ತ, ಅದರಲ್ಲಿ 14 ಬೌಲ್ಡ್! ಇಂಗ್ಲೆಂಡ್ ಗೆದ್ದದ್ದು ಇನಿಂಗ್ಸ್ ಮತ್ತು 202 ರನ್‌ಗಳಿಂದ. ಈ ಪಂದ್ಯಗಳಿಗೆ ಟೆಸ್ಟ್ ಎಂಬ ಪಟ್ಟ ಸಿಕ್ಕಿದ್ದು ಆಮೇಲೆ.

ಆದರೂ ನನ್ನ ಉತ್ತರ: ಹೌದು, ಟೆಸ್ಟೇ. ಎದುರಾಳಿ ಎಳಸು ಎಂದು ಇದನ್ನು ತೆಗೆದುಹಾಕಿದರೆ ಅಲ್ಲಿ 47ರ ನಡುವೆ ಕೊನೆಯವರೆಗೂ ಔಟಾಗದೆ 26 ರನ್ ಹೊಡೆದು ನಿಂತ ಬರ್ನಾರ್ಡ್ ಟ್ಯಾಂಕ್ರೆಡ್‌ನನ್ನೂ ತೆಗೆಯಬೇಕಾಗುತ್ತದೆ. ಟೆಸ್ಟ್‌ನಲ್ಲಿ ಇನಿಂಗ್ಸ್ ಪೂರ್ತಿ ಔಟಾಗದೆ ಉಳಿದ ಮೊದಲ ಆರಂಭಿಕ ಆಟಗಾರ ಆತ. ಅದು ನನ್ನಿಂದಾಗದು.

ಬೌಡನ್‌ನ ಟೆಸ್ಟ್ ಬದುಕು ಎರಡು ಪಂದ್ಯ, 25 ರನ್. ಅಷ್ಟನ್ನೇ ನೋಡಿದರೆ ಆತನಿಗೆ ಅನ್ಯಾಯ. ಪ್ರವಾಸ ಮುಗಿದ ಮೇಲೂ ಊರಿಗೆ ಮರಳದೆ ಸ್ಮಿತ್ ಜೊತೆ ಜೋಹಾನ್ಸ್‌ಬರ್ಗ್‌ನಲ್ಲಿ ಷೇರು ದಲ್ಲಾಳಿಯಾದ. 1890ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದ ದೇಶೀಯ ಟೂರ್ನಿ ಕರ್ರಿ ಕಪ್‌ನ ಮೊಟ್ಟಮೊದಲ ಪಂದ್ಯ ನಡೆದಾಗ ಟ್ರಾನ್ಸ್‌ವಾಲ್ ಪರ ಕಿಂಬರ್ಲಿ ವಿರುದ್ಧ 63 ಮತ್ತು ಅಜೇಯ 126 ಹೊಡೆದು ತಂಡವನ್ನು ಗೆಲ್ಲಿಸಿದ. ಆತನ ಆಟ ಕಾಣುವುದು ಅಲ್ಲಿ.

ಅದೇ ವರ್ಷ ಬ್ರಿಟಿಷ್ ಸಾಮ್ರಾಜ್ಯವಾದಿ ಸೆಸಿಲ್ ರೋಡ್ಸ್‌ನ ಕಂಪನಿ ಶೋನಾ ಜನರ ನೆಲ (ಇಂದಿನ ಜಿಂಬಾಬ್ವೆ) ಹಿಡಿಯಲು ಕಳಿಸಿದ ದಂಡಿನ ಜೊತೆ ಉತ್ತರಕ್ಕೆ ಹೊರಟ. 1892ರ ಫೆಬ್ರವರಿಯಲ್ಲಿ ಅಲ್ಲಿನ ಉಮ್ತಾಲಿ ಎಂಬ ಊರಿನ ಮಣ್ಣಿನ ಗುಡಿಸಲಿನಂಥ ಆಸ್ಪತ್ರೆಯಲ್ಲಿ ಸತ್ತಾಗ 26 ವರ್ಷ. ಸಿಂಹಗಳು ಎಳೆದೊಯ್ಯದಂತೆ ಹೆಣ ಕಾಯಬೇಕಾಯಿತು. ಶವಪೆಟ್ಟಿಗೆ ಮಾಡಿದ್ದು ವಿಸ್ಕಿ ಡಬ್ಬಗಳ ಹಲಗೆಯಿಂದ.

ಈಗೀಗ ಕ್ವಿಜ್‌ನಲ್ಲಿ ಉತ್ತರ ಹೇಳಿದ ಮೇಲೆ ಕಿಂಬರ್ಲಿ ವಿರುದ್ಧದ ಆ 126 ರನ್ನಿನ ಮಾತನ್ನೂ ಹೇಳಿಯೇ ಮುಂದಿನ ಪ್ರಶ್ನೆ ಎತ್ತಿಕೊಳ್ಳುತ್ತೇನೆ.