ಖಾಲಿ ತಟ್ಟೆ ಕಂಡು ಹಿಗ್ಗಿದ ದಿನ

ಇನ್‌ಕ್ಯುಬೇಟರ್‌ನಿಂದ ತೆಗೆದ ಪೆಟ್ರಿ ತಟ್ಟೆಗಳು ತೊಳೆದಿಟ್ಟಂತಿದ್ದವು. ನಮ್ಮ ನಾರಿನ ಹಾಳೆಯ ಮೇಲೆ ಗಾಯಕ್ಕೆ ಸೋಂಕು ತರುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾವನ್ನು ಲಕ್ಷಗಟ್ಟಲೆ ಬಿಟ್ಟು ಒಂದು ದಿನ ಇಟ್ಟಿದ್ದೆವು. ಒಂದು ಚುಕ್ಕೆಯೂ ಬೆಳೆದಿರಲಿಲ್ಲ. ವರದಿಯ ಕರಡನ್ನು ಅಂದೇ ಬರೆಯಲು ಕುಳಿತೆ.

ಗಾಯದ ಪಟ್ಟಿಗೆಂದು ನಾವು ನೂಲುತ್ತಿದ್ದುದು ಕೈಟೋಸಾನ್. ಸಿಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ವಸ್ತು. ಅದರ ಧನ ವಿದ್ಯುದಂಶ ಬ್ಯಾಕ್ಟೀರಿಯಾದ ಋಣ ವಿದ್ಯುದಂಶವಿರುವ ಹೊರಪದರಕ್ಕೆ ಅಂಟಿ ಅದನ್ನು ಹಾಳುಗೆಡವುತ್ತದೆ. ಒಂದೇ ಕಿಣ್ವವನ್ನು ಗುರಿಮಾಡುವ ಪ್ರತಿಜೀವಕಕ್ಕೆ ಒಗ್ಗಿಕೊಂಡಷ್ಟು ಸುಲಭವಾಗಿ ಇದಕ್ಕೆ ಒಗ್ಗಿಕೊಳ್ಳಲಾಗದು ಎಂಬುದು ನಮ್ಮ ಆಸೆ. ಆದರೆ ಕೈಟೋಸಾನ್ ಬರೀ ನೀರಿನಲ್ಲಿ ಕರಗದು, ಅಸಿಟಿಕ್ ಆಮ್ಲ ಬೇಕು. ಆ ದ್ರಾವಣವನ್ನು ಸಾವಿರಾರು ವೋಲ್ಟ್‌ನಲ್ಲಿ ಎಳೆದಾಗ ಕೂದಲಿಗಿಂತ ನೂರಾರು ಪಟ್ಟು ತೆಳುವಾದ ಎಳೆ ಬರುತ್ತದೆ.

ತಟ್ಟೆ ತೊಳೆಯಲು ಬಂದ ಪ್ರಯೋಗಾಲಯದ ಸಹಾಯಕರು ಹಾಳೆಯ ಡಬ್ಬಿ ತೆರೆದು ಮೂಗು ಸುಕ್ಕಿಸಿದರು. "ಮೇಡಂ, ಇದು ವಿನಿಗರ್ ವಾಸನೆ. ಅಂಗಡಿ ಉಪ್ಪಿನಕಾಯಿಗೆ ಇದನ್ನು ಹಾಕುವುದೇ ಬೂಷ್ಟು ಹಿಡಿಯದಿರಲಿ ಅಂತ ಅಲ್ಲವೇ?"

ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. ವಿನಿಗರ್ ಎಂದರೆ ನೀರು ಬೆರೆತ ಅಸಿಟಿಕ್ ಆಮ್ಲವೇ. ಕೈಟೋಸಾನ್ ಇಲ್ಲದ ಬಟ್ಟೆಯನ್ನು ಹೋಲಿಕೆಗೆ ಇಟ್ಟಿದ್ದೆ, ನಿಜ. ಆದರೆ ಅದಕ್ಕೆ ಆಮ್ಲದ ಹನಿಯೂ ಸೋಕಿರಲಿಲ್ಲ. ಮರುದಿನ ಹತ್ತಿಯ ಗಾಜ್ ಬಟ್ಟೆಯನ್ನು ಅದೇ ಆಮ್ಲದಲ್ಲಿ ಅದ್ದಿ, ಒಣಗಿಸಿ, ಅದೇ ಪರೀಕ್ಷೆಗೆ ಒಡ್ಡಿದೆ. ಆ ತಟ್ಟೆಯೂ ಖಾಲಿ! ಹಾಳೆಯನ್ನು ಕ್ಷಾರವಾದ ಸೋಡಾ ಪುಡಿ ಕರಗಿಸಿದ ನೀರಿನಲ್ಲಿ ಅದ್ದಿ ಆಮ್ಲ ಕಳೆದು ಮತ್ತೆ ನೋಡಿದರೆ ಚುಕ್ಕೆಗಳು ಸಾಸಿವೆ ಚೆಲ್ಲಿದಂತೆ ಎದ್ದಿದ್ದವು. ಆಮ್ಲೀಯತೆ ಕಡಿಮೆಯಾದಷ್ಟೂ ಏರುವ ಪಿಎಚ್ ಅಳತೆ 6.5 ದಾಟಿದರೆ ಕೈಟೋಸಾನ್‌ನ ವಿದ್ಯುದಂಶ ಬಹುಪಾಲು ಹೋಗಿಬಿಡುತ್ತದೆ. ಪುಸ್ತಕದಲ್ಲಿ ಓದಿದ್ದೆ, ಬೆಂಚಿನ ಮುಂದೆ ಮರೆತಿದ್ದೆ.

ಆಮೇಲೆ ಪಿಎಚ್ ಬದಲಾದರೂ ವಿದ್ಯುದಂಶ ಬಿಡದ ಕ್ವಾಟರ್ನರಿ ಕೈಟೋಸಾನ್‌ಗೆ ಹೊರಳಿದೆವು. ಫಲಿತಾಂಶ ಮೊದಲಿನಷ್ಟು ಬೆಡಗಿನದಲ್ಲ. ಲಕ್ಷದಲ್ಲಿ ಶೇ 99 ಸತ್ತರೂ ಸಾವಿರ ಉಳಿಯುತ್ತವೆ. ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೆ ಮೂರೂವರೆ ಗಂಟೆಯಲ್ಲಿ ಮತ್ತೆ ಲಕ್ಷ. ಪೊಟ್ಟಣದ ಮೇಲೆ 'ಶೇ 99' ಎಂದು ಮೆರೆಸುವ ಬಟ್ಟೆಗಳನ್ನು ಕಂಡಾಗ ನನಗೆ ಈಗ ನಗು ಬರುತ್ತದೆ. 'ಪ್ರತಿಜೀವಕಕ್ಕೆ ಪರ್ಯಾಯ' ಎಂಬ ಮಾತನ್ನೂ ಕರಡಿನಿಂದ ಹೊಡೆದುಹಾಕಿದೆ. ಪಟ್ಟಿ ಕಾಯುವುದು ಗಾಯದ ಮೇಲ್ಮೈಯನ್ನು. ಸೋಂಕು ರಕ್ತಕ್ಕಿಳಿದರೆ ಔಷಧಿಯೇ ಬೇಕು.

ಈಗ ಯಾವ ಹಾಳೆ ಬಂದರೂ ಮೊದಲು ಒಂದು ತುಂಡನ್ನು ನೀರಿನಲ್ಲಿ ನೆನೆಸಿ ಪಿಎಚ್ ಕಾಗದ ಅದ್ದುತ್ತೇನೆ. ಅದಕ್ಕೂ ಮೊದಲು ಸಹಾಯಕರು ಡಬ್ಬಿ ಮೂಸಿರುತ್ತಾರೆ.