ಊರೂರು ಸುತ್ತಿ ದಣಿದ ಕುಟುಂಬಕ್ಕೆ ಕೋ ಲಾಂಟಾ

ತಿಂಗಳುಗಟ್ಟಲೆ ದೇಶದಿಂದ ದೇಶಕ್ಕೆ ಸಾಗುವವರು ವಿಶ್ರಾಂತಿಗಾಗಿ ದ್ವೀಪವೊಂದನ್ನು ಆರಿಸಿಕೊಳ್ಳುವಾಗ, ರಜೆಗೆ ಬರುವವರ ಅಳತೆಗೋಲನ್ನು ಬದಿಗಿಡುವುದು ಒಳ್ಳೆಯದು. ವಾರದ ರಜೆಗೆ ಬಂದವರಿಗೆ ನೀರಿನ ಬಣ್ಣವೇ ಮುಖ್ಯ. ಮಕ್ಕಳನ್ನು ಕಟ್ಟಿಕೊಂಡು ಬಹುಕಾಲದಿಂದ ತಿರುಗುತ್ತಿರುವವರಿಗಾದರೋ ಅಡುಗೆಮನೆಯಿರುವ ಬಾಡಿಗೆ ಮನೆ, ನಡೆದು ಹೋಗುವಷ್ಟು ದೂರದಲ್ಲಿ ಔಷಧಿ ಅಂಗಡಿ, ಬಟ್ಟೆ ಒಗೆದು ಕೊಡುವವರು, ನೆಚ್ಚಬಹುದಾದ ಇಂಟರ್ನೆಟ್ ಮತ್ತು ಆಳವಿಲ್ಲದ ಕಡಲು ಬೇಕು. ಥಾಯ್ಲೆಂಡಿನ ಅಂಡಮಾನ್ ಕಡಲ ಬದಿಯ ಕ್ರಾಬಿ ಪ್ರಾಂತ್ಯದಲ್ಲಿರುವ ಕೋ ಲಾಂಟಾದಲ್ಲಿ ಇವೆಲ್ಲವೂ ಒಂದೆಡೆ ಸಿಗುತ್ತವೆ. ಫುಕೆಟ್‌ನ ಗದ್ದಲವಾಗಲಿ ಫೀ ಫೀ ದ್ವೀಪಗಳ ನೂಕುನುಗ್ಗಲಾಗಲಿ ಇಲ್ಲಿಲ್ಲ. ಅವುಗಳಷ್ಟು ಚೆಲುವಿನ ನೀರೂ ಇಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ವಿಯೆಟ್ನಾಂ, ಲಾವೋಸ್ ಮತ್ತು ಉತ್ತರ ಥಾಯ್ಲೆಂಡ್ ಮುಗಿಸಿಕೊಂಡು ಬಂದ ನಾವು ಇಲ್ಲಿ ಬೀಡುಬಿಡಲು ನಿರ್ಧರಿಸಿದ್ದಕ್ಕೆ ಮಕ್ಕಳೇ ಕಾರಣ. ಲುವಾಂಗ್ ಪ್ರಬಾಂಗ್‌ನ ವಿಹಾರಗಳ ಮುಂದೆ ನಿಂತ ಮಗಳು "ಇನ್ನು ದೇವಸ್ಥಾನ ಸಾಕಮ್ಮಾ" ಎಂದಿದ್ದಳು. ಎರಡು ಮೂರು ದಿನಕ್ಕೊಮ್ಮೆ ಚೀಲ ಕಟ್ಟುವ ಬದುಕಿನಲ್ಲಿ ಮಕ್ಕಳ ಊಟ, ನಿದ್ದೆ, ಓದು ಮೂರೂ ಹದ ತಪ್ಪುತ್ತವೆ. ಅದು ಎದ್ದು ಕಾಣುವ ಮೊದಲೇ, ನಾಲ್ಕೈದು ತಿಂಗಳಿಗೊಮ್ಮೆಯಾದರೂ ಒಂದೇ ಕಡೆ ಕನಿಷ್ಠ ಮೂರು ವಾರ ನಿಲ್ಲುವಂತೆ ಯೋಜನೆ ಹಾಕಿಕೊಳ್ಳಿರೆಂಬುದು ನನ್ನ ಸಲಹೆ.

ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಕಾಲ ಇಲ್ಲಿಗೆ ಸೂಕ್ತ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ನೈಋತ್ಯ ಮುಂಗಾರು ಪಶ್ಚಿಮದ ದಡವನ್ನು ನೇರವಾಗಿ ಬಡಿಯುತ್ತದೆ. ನಮ್ಮ ಕರಾವಳಿಯ ಆಷಾಢದ ಕಡಲನ್ನು ಕಂಡವರಿಗೆ ಆಗ ಮಕ್ಕಳನ್ನು ನೀರಿಗಿಳಿಸಬಾರದೆಂದು ಹೇಳಬೇಕಾಗಿಲ್ಲ. ಕ್ರಾಬಿ ವಿಮಾನ ನಿಲ್ದಾಣದಿಂದ ವ್ಯಾನಿನಲ್ಲಿ ಎರಡು, ಎರಡೂವರೆ ಗಂಟೆಯ ದಾರಿ. ಮುಖ್ಯ ಭೂಮಿಯಿಂದ ಲಾಂಟಾ ನೋಯ್ ಎಂಬ ಮೊದಲ ದ್ವೀಪಕ್ಕೆ ವ್ಯಾನನ್ನೇ ಹೊತ್ತೊಯ್ಯುವ ದೋಣಿಯಿದೆ. ಅಲ್ಲಿಂದ ಜನ ತಂಗುವ ಲಾಂಟಾ ಯಾಯ್‌ಗೆ 2016ರಲ್ಲಿ ಸೇತುವೆ ಬಂದ ಮೇಲೆ ಎರಡನೆಯ ದೋಣಿಯ ಕಾಯುವಿಕೆ ತಪ್ಪಿದೆ. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಆಸುಪಾಸಿನಲ್ಲಿ ಮೊದಲ ದೋಣಿಗೂ ವಾಹನಗಳ ಸಾಲು ಉದ್ದವಿರುತ್ತದೆಯಾದ್ದರಿಂದ, ಚಿಕ್ಕ ಮಕ್ಕಳಿರುವವರು ನೀರು, ತಿಂಡಿ ಕೈಯಲ್ಲಿಟ್ಟುಕೊಂಡೇ ವ್ಯಾನ್ ಹತ್ತಬೇಕು.

ಕಡಲತೀರಗಳೆಲ್ಲ ಪಶ್ಚಿಮಕ್ಕೆ ಮುಖ ಮಾಡಿ ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿವೆ, ದಕ್ಷಿಣಕ್ಕೆ ಹೋದಷ್ಟೂ ಗುಡ್ಡ ಏರುತ್ತದೆ, ಅಂಗಡಿಗಳು ವಿರಳವಾಗುತ್ತವೆ. ದೋಣಿಕಟ್ಟೆಯಿರುವ ಸಾಲಾಡಾನ್ ಪೇಟೆಗೆ ಹತ್ತಿರವಾದ ಕ್ಲಾಂಗ್ ದಾವ್ ದಡದಲ್ಲಿ ನೆಲ ಬಹಳ ನಿಧಾನವಾಗಿ ಇಳಿಯುವುದರಿಂದ ಮಕ್ಕಳಿರುವವರು ಅದನ್ನೇ ಆರಿಸಿಕೊಳ್ಳುವುದು ಮೇಲು. ಅದರ ಮುಂದಿನ ಲಾಂಗ್ ಬೀಚ್ ಉದ್ದವಾಗಿದೆ, ಗಾಳಿಮರಗಳ ನೆರಳಿದೆ, ತಿನಿಸಿನ ಆಯ್ಕೆಯೂ ಹೆಚ್ಚು. ಕ್ಲಾಂಗ್ ಖೋಂಗ್‌ನಲ್ಲಿ ಇಳಿತದ ಹೊತ್ತಿಗೆ ಬಂಡೆಗಳು ಮೇಲೇಳುವುದರಿಂದ ಈಜಲಾಗದು. ದಕ್ಷಿಣದ ಕಾಂಟಿಯಾಂಗ್ ಕೊಲ್ಲಿ ಎಲ್ಲಕ್ಕಿಂತ ಸುಂದರವಾದರೂ ಹಾಲು, ಮೊಟ್ಟೆ, ಜ್ವರದ ಔಷಧಿಗೆಂದು ಪ್ರತಿ ಸಲ ಗುಡ್ಡ ಹತ್ತಿಳಿಯಬೇಕಾಗುತ್ತದೆ. ಮೊದಲ ಎರಡು ಮೂರು ರಾತ್ರಿ ಮಾತ್ರ ಮುಂಗಡ ಕಾದಿರಿಸಿ, ಬಂದ ಮೇಲೆ ಕಣ್ಣಾರೆ ನೋಡಿ ತಿಂಗಳ ಬಾಡಿಗೆಯ ಮಾತುಕತೆ ನಡೆಸುವುದು ಲಾಭದಾಯಕ; ಜನದಟ್ಟಣೆಯ ಡಿಸೆಂಬರ್ ಕೊನೆಯಲ್ಲಿ ಮಾತ್ರ ಈ ಧೈರ್ಯ ಬೇಡ. ವಿದ್ಯುತ್ತಿನ ಶುಲ್ಕ ಬಾಡಿಗೆಯಲ್ಲಿ ಸೇರಿದೆಯೇ ಎಂದು ಕೇಳಲು ಮರೆಯಬೇಡಿ, ಏಕೆಂದರೆ ಹವಾನಿಯಂತ್ರಕವಿರುವ ಮನೆಯಲ್ಲಿ ಅದೇ ದೊಡ್ಡ ಖರ್ಚು.

ಸಸ್ಯಾಹಾರಿಗಳಿಗೆ ಊಟದ ವಿಷಯದಲ್ಲಿ ಎಚ್ಚರ ಬೇಕು. ತರಕಾರಿಯ ಹಸಿರು ಕರಿ ಎಂದು ಪಟ್ಟಿಯಲ್ಲಿ ಬರೆದಿದ್ದರೂ ಅದರ ಮಸಾಲೆಯಲ್ಲಿ ಕಪಿ ಎಂಬ, ಹುದುಗು ಬರಿಸಿದ ಸಿಗಡಿಯ ಮುದ್ದೆ ಸೇರಿರುತ್ತದೆ. ಪಪಾಯ ಕೋಸಂಬರಿಗೆ ಒಣಸಿಗಡಿ, ಸೊಪ್ಪಿನ ಪಲ್ಯಕ್ಕೆ ಮೀನಿನ ರಸ ಬೀಳುತ್ತದೆ. ಮಾಂಸ ಬೇಡವೆಂದಷ್ಟೇ ಹೇಳಿದರೆ ಇವು ಬಿಟ್ಟುಹೋಗುವುದಿಲ್ಲ. "ಕಿನ್ ಜೇ" ಎಂದರೆ ಅಡುಗೆಯವರಿಗೆ ತಟ್ಟನೆ ಅರ್ಥವಾಗುತ್ತದೆ, ಆಗ ಮೊಟ್ಟೆ, ಹಾಲು, ಬೆಳ್ಳುಳ್ಳಿಗಳನ್ನೂ ಅವರು ಹಾಕುವುದಿಲ್ಲ. ನಾವು ದಿನವೂ ಹೋಗುತ್ತಿದ್ದ ರಸ್ತೆಬದಿಯ ಅಂಗಡಿಯ ಹೆಂಗಸು ಒಗ್ಗರಣೆಗೆ ಮುನ್ನ ಪ್ರತಿಯೊಂದು ಬಾಟಲಿಯನ್ನೂ ಎತ್ತಿ ತೋರಿಸಿ, ನಾನು ತಲೆಯಾಡಿಸಿದರೆ ಮಾತ್ರ ಬಾಣಲೆಗೆ ಸುರಿಯುತ್ತಿದ್ದರು; ಮೀನಿನ ರಸದ ಬದಲು ಸೋಯಾ ರಸ ಬಂದಿತು. ದ್ವೀಪದವರಲ್ಲಿ ಮುಸ್ಲಿಮರೇ ಹೆಚ್ಚಾಗಿರುವುದರಿಂದ ಸಂಜೆಯ ಗಾಡಿಗಳಲ್ಲಿ ಬಾಳೆಹಣ್ಣಿನ ರೋಟಿ ಧಾರಾಳವಾಗಿ ದೊರೆಯುತ್ತದೆ. ಮೊಟ್ಟೆ ಬೇಡದವರು ಅದನ್ನು ಮೊದಲೇ ಹೇಳಬೇಕು.

ಆದರೂ ಮಕ್ಕಳ ಮೈ ಹಿಡಿದದ್ದು ಮನೆಯ ಅಡುಗೆಯಿಂದಲೇ. ತೊಗರಿಬೇಳೆ ಅಲ್ಲಿನ ಅಂಗಡಿಗಳಲ್ಲಿ ನಮಗೆ ಸಿಗಲಿಲ್ಲ, ಆದರೆ ಸಿಹಿತಿಂಡಿಗೆಂದು ಮಾರುವ ಸಿಪ್ಪೆ ತೆಗೆದ ಹೆಸರುಬೇಳೆ ಸಿಕ್ಕಿತು, ತೊವ್ವೆಗೆ ಅದು ಧಾರಾಳವಾಗಿ ಆಗುತ್ತದೆ. ಹುಣಸೆ, ಹಸಿಮೆಣಸು, ತೆಂಗಿನಕಾಯಿ, ಅಲಸಂದೆಕಾಯಿ ವಾರದ ಸಂತೆಯಲ್ಲಿ ಹೇರಳವಾಗಿವೆ. ಅಲ್ಲಿನ ಮಲ್ಲಿಗೆ ಅಕ್ಕಿ ತುಸು ಅಂಟಂಟಾಗುವುದರಿಂದ ನೀರನ್ನು ಕಡಿಮೆ ಹಾಕಬೇಕು. ಸಾರಿನ ಪುಡಿ, ಇಂಗು, ಸಾಸಿವೆ ಇಷ್ಟನ್ನು ಚೀಲದಲ್ಲಿಟ್ಟುಕೊಂಡರೆ ಸಾಕು. ನಲ್ಲಿ ನೀರನ್ನು ಕುಡಿಯಬೇಡಿ. ಎಟಿಎಂನಲ್ಲಿ ಹೊರದೇಶದ ಕಾರ್ಡಿಗೆ ಪ್ರತಿ ಸಲವೂ 200 ಬಾತ್‌ಗಿಂತ ಹೆಚ್ಚು ಶುಲ್ಕ ಹಿಡಿಯುವುದರಿಂದ ದೊಡ್ಡ ಮೊತ್ತವನ್ನು ಒಂದೇ ಬಾರಿ ತೆಗೆಯುವುದು ಲೇಸು.

ದಿನಚರಿಯನ್ನು ಬೇಕೆಂದೇ ಸಪ್ಪೆಯಾಗಿಟ್ಟುಕೊಂಡಿದ್ದೆವು. ಬಿಸಿಲೇರುವ ಮುನ್ನ ಕಡಲು, ಆಮೇಲೆ ಮಕ್ಕಳ ಗಣಿತ ಮತ್ತು ಕನ್ನಡ ಪಾಠ, ಮಧ್ಯಾಹ್ನ ನಿದ್ದೆ. ಕಿತ್ತ ಚೀಲ ಹೊಲಿಸುವುದು, ಮುಂದಿನ ದೇಶಗಳ ವೀಸಾ ಅರ್ಜಿ ತುಂಬುವುದು, ತಿಂಗಳುಗಳ ಖರ್ಚಿನ ಲೆಕ್ಕ ಬರೆಯುವುದು ಮೊದಲಾದ ಬಾಕಿ ಕೆಲಸಗಳೆಲ್ಲ ಇಲ್ಲಿ ಮುಗಿದವು. ಇಳಿತದ ಹೊತ್ತಿನಲ್ಲಿ ಬೆರಳ ತುದಿಯಷ್ಟಿರುವ ಏಡಿಗಳು ಮರಳನ್ನು ಬಾಯಿಗೆ ತುಂಬಿಕೊಂಡು, ತಿನ್ನುವುದನ್ನು ಸೋಸಿಕೊಂಡು, ಉಳಿದುದನ್ನು ಸಣ್ಣ ಗುಳಿಗೆಗಳಾಗಿ ಬಿಲದ ಸುತ್ತ ಒಟ್ಟುತ್ತವೆ. ಮಗ ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಕರೆದರೂ ಏಳುತ್ತಿರಲಿಲ್ಲ. ಯಾವ ಪ್ರವಾಸಿ ತಾಣದಲ್ಲೂ ಅವನು ಅಷ್ಟು ಹೊತ್ತು ನಿಂತಿದ್ದಿಲ್ಲ.

ಊರಿನವರನ್ನು ಕರೆಸಿಕೊಳ್ಳಲೂ ಇದು ಅನುಕೂಲವಾದ ಜಾಗ. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ, ಅಲ್ಲಿಂದ ಕ್ರಾಬಿಗೆ ಒಂದೂಕಾಲು ಗಂಟೆ. ನಮ್ಮ ಅತ್ತೆ, ಮಾವ ಬಂದು ಹತ್ತಾರು ದಿನ ಇದ್ದುದರಿಂದ ಮಕ್ಕಳಿಗೆ ಅಜ್ಜಿ ತಾತನ ಸಾಂಗತ್ಯ ದೊರೆಯಿತು, ನಮಗೆ ಬಿಡುವೂ ಸಿಕ್ಕಿತು. ಗಡಿಯಾರ ನಮ್ಮಲ್ಲಿಗಿಂತ ಒಂದೂವರೆ ಗಂಟೆ ಮುಂದಿರುವುದರಿಂದ ಊರಿನ ಶಿಕ್ಷಕರ ಆನ್‌ಲೈನ್ ತರಗತಿಗೂ ತೊಡಕಾಗುವುದಿಲ್ಲ. 2024ರ ಜುಲೈನಲ್ಲಿ ಭಾರತೀಯರಿಗೆ 60 ದಿನಗಳ ವೀಸಾರಹಿತ ಪ್ರವೇಶ ದೊರೆತಿತ್ತಾದರೂ ಈ ನಿಯಮ ಆಗಾಗ ಮರುಪರಿಶೀಲನೆಗೆ ಒಳಗಾಗುವುದರಿಂದ ಟಿಕೆಟ್ ಕೊಳ್ಳುವ ಮುನ್ನ ಥಾಯ್ ರಾಯಭಾರ ಕಚೇರಿಯ ಪ್ರಕಟಣೆಯನ್ನು ನೋಡಬೇಕು. 2025ರ ಮೇ 1ರಿಂದ ಆಗಮನ ಪತ್ರವನ್ನು ಆನ್‌ಲೈನಿನಲ್ಲೇ, ಬರುವುದಕ್ಕೆ ಮುಂಚಿನ ಮೂರು ದಿನಗಳ ಒಳಗೆ ತುಂಬಬೇಕು. ಅದು ಉಚಿತ, ಹಣ ಕೇಳುವ ಜಾಲತಾಣಗಳಿಂದ ದೂರವಿರಿ.

ಸ್ಕೂಟರ್ ಬಾಡಿಗೆ ಸುಲಭವಾಗಿ ಸಿಗುತ್ತದೆ, ಯಾರೂ ಪರವಾನಗಿ ಕೇಳುವುದಿಲ್ಲ. ಆದರೆ ದ್ವಿಚಕ್ರ ವಾಹನಕ್ಕೆ ಅನ್ವಯಿಸುವ ಅಂತರರಾಷ್ಟ್ರೀಯ ಚಾಲನಾ ಪತ್ರವಿಲ್ಲದಿದ್ದರೆ ಅಪಘಾತವಾದಾಗ ಪ್ರವಾಸ ವಿಮೆಯ ಹಣ ಸಿಗದೇ ಹೋಗಬಹುದು, ಆದ್ದರಿಂದ ಅದನ್ನು ಊರಿನ ಆರ್‌ಟಿಒ ಕಚೇರಿಯಲ್ಲೇ ಮಾಡಿಸಿಕೊಂಡು ಹೊರಡಿ. ಮಕ್ಕಳ ಅಳತೆಯ ಹೆಲ್ಮೆಟ್ ಸಿಗುವುದು ಕಷ್ಟ. ಕಡಲಲ್ಲಿ ಅಪರೂಪಕ್ಕೆ ಅಪಾಯಕಾರಿ ಪೆಟ್ಟಿಗೆ ಲೋಳೆಮೀನು ಕಾಣಿಸಿಕೊಳ್ಳುತ್ತದೆ. ಮೈ ಮುಚ್ಚುವ ಈಜುಡುಗೆ ಹಾಕಿಸಿ, ಕುಟುಕಿದ ಜಾಗವನ್ನು ಉಜ್ಜದೆ ವಿನೆಗರ್ ಸುರಿದು ತಕ್ಷಣ ವೈದ್ಯರ ಬಳಿ ಒಯ್ಯಬೇಕು. ಡೆಂಗಿಯೂ ಇರುವುದರಿಂದ ಹಗಲಲ್ಲೂ ಸೊಳ್ಳೆಗೆ ಲೇಪನ ಬೇಕು. ಸಣ್ಣಪುಟ್ಟದಕ್ಕೆ ದ್ವೀಪದಲ್ಲೇ ಚಿಕಿತ್ಸೆಯಿದೆ, ದೊಡ್ಡದಕ್ಕೆ ಕ್ರಾಬಿಗೋ ಫುಕೆಟ್‌ಗೋ ಹೋಗಬೇಕು.

ನೋಡುವ ಆಸೆ ಬಂದರೆ ಪೂರ್ವ ದಡದ ಹಳೆ ಪೇಟೆಗೆ ಒಂದು ಸಂಜೆ ಮೀಸಲಿಡಿ. ಚೀನೀ ಮತ್ತು ಮಲಯ ವರ್ತಕರು ವ್ಯಾಪಾರ ನಡೆಸುತ್ತಿದ್ದ ಈ ಪೇಟೆಯ ಮರದ ಮನೆಗಳ ಹಿಂಭಾಗ ಕಂಬಗಳ ಮೇಲೆ ಕಡಲಿಗೆ ಚಾಚಿಕೊಂಡಿದೆ. ಅದರಾಚೆ ಕಡಲನ್ನೇ ನಂಬಿ ಬಾಳಿದ ಉರಕ್ ಲವೋಯ್ ಜನರ ಹಳ್ಳಿಯಿದೆ. ಅದು ಜನವಸತಿ, ಪ್ರದರ್ಶನವಲ್ಲ, ಕ್ಯಾಮೆರಾ ಚೀಲದಲ್ಲೇ ಇರಲಿ. ದಕ್ಷಿಣ ತುದಿಯ ರಾಷ್ಟ್ರೀಯ ಉದ್ಯಾನದ ದೀಪಸ್ತಂಭವೂ ಚೆನ್ನಾಗಿದೆ, ಕೈಯಲ್ಲಿ ತಿಂಡಿ ಹಿಡಿದರೆ ಕೋತಿಗಳು ಕಸಿಯುತ್ತವೆ.

ಇಲ್ಲಿಂದ ಮಲೇಷ್ಯಾಕ್ಕೆ ಹೋಗುವವರಿಗೆ, ಕಡಲು ಶಾಂತವಿರುವ ತಿಂಗಳುಗಳಲ್ಲಿ ಕೋ ಲೀಪೆಯ ಮೂಲಕ ಲಂಕಾವಿಗೆ ದೋಣಿಗಳಿವೆ. ದಾರಿ ರಮ್ಯವಾದರೂ ವೇಗದ ದೋಣಿಯಲ್ಲಿ ಚೀಲಗಳು ನೆನೆಯುತ್ತವೆ, ಹೊಟ್ಟೆ ತೊಳಸುವ ಮಕ್ಕಳಿಗೆ ಇಡೀ ದಿನ ಸಂಕಟ. ಅಂಥವರು ವ್ಯಾನಿನಲ್ಲಿ ಕ್ರಾಬಿಗೆ ಮರಳಿ ವಿಮಾನ ಹತ್ತುವುದೇ ವಾಸಿ. ನಾವೂ ಹಾಗೆಯೇ ಹೊರಟೆವು.