ಕೂಲರ್‌ನಿಂದ ಮ್ಯಾಶ್ ಟನ್: ಯಾವುದನ್ನು ಕೊಳ್ಳಬೇಕು, ಸೋರದಂತೆ ಹೇಗೆ ಜೋಡಿಸಬೇಕು

ಮಾಲ್ಟ್ ಎಕ್ಸ್‌ಟ್ರಾಕ್ಟ್ (ಅಂಗಡಿಯ ಸಿದ್ಧ ಮಾಲ್ಟ್ ಪಾಕ) ಬಿಟ್ಟು ಪೂರ್ತಿ ಕಾಳಿನಿಂದಲೇ ಬಿಯರ್ ಮಾಡಲು ಹೊರಟವರಿಗೆ ಹೊಸದಾಗಿ ಬೇಕಾಗುವ ಪಾತ್ರೆ ಮ್ಯಾಶ್ ಟನ್. ಅದಕ್ಕೆ ಎರಡು ಕೆಲಸ. ಒಡೆದ ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಂಥ ಕಾಳನ್ನು, ಬಿಸಿನೀರಿನಲ್ಲಿ ಒಂದು ಗಂಟೆ ಸುಮಾರು 67 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿಡಿದಿಡಬೇಕು. ಅಷ್ಟರಲ್ಲಿ ಕಾಳಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಆಮೇಲೆ ಆ ಸಿಹಿನೀರು, ಅಂದರೆ ವರ್ಟ್, ಹೊಟ್ಟಿನ ಪದರದ ಮೂಲಕ ತಿಳಿಯಾಗಿ ಇಳಿದು ಬರಬೇಕು. ಬಿಸಿ ಹಿಡಿಯುವ ಕೆಲಸವನ್ನು ಹೆಚ್ಚುಕಡಿಮೆ ಎಲ್ಲ ಕೂಲರ್‌ಗಳೂ (ತಿಂಡಿ, ಪಾನೀಯ ತಣ್ಣಗಿಡುವ ಪೆಟ್ಟಿಗೆ ಅಥವಾ ಡ್ರಮ್) ಮಾಡುತ್ತವೆ. ಕಷ್ಟವಿರುವುದು ಸೋಸುವುದರಲ್ಲಿ, ಮತ್ತು ವಾಲ್ವ್ ಕೂರಿಸಿದ ಜಾಗದಲ್ಲಿ ಸೋರದಂತೆ ನೋಡಿಕೊಳ್ಳುವುದರಲ್ಲಿ.

ಇದನ್ನು ಅಮೆರಿಕದಲ್ಲಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ. ಅಲ್ಲಿ ಮನೆಬಳಕೆಯ ಬಿಯರ್‌ಗೆ 1978ರ ಕಾಯ್ದೆಯಿಂದ ಫೆಡರಲ್ ಮಟ್ಟದಲ್ಲಿ ತೆರಿಗೆ ವಿನಾಯಿತಿ ಇದೆ: ವರ್ಷಕ್ಕೆ ಒಬ್ಬ ವಯಸ್ಕರಿಗೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್. ಮಾರುವಂತಿಲ್ಲ. ಕರ್ನಾಟಕದಲ್ಲಿ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ. ಊರಿಗೆ ಬಂದಾಗ ಇದನ್ನು ಮಾಡಲು ಹೋಗಬೇಡಿ.

ಗಾತ್ರದಿಂದ ಶುರು ಮಾಡೋಣ. ಮಾಮೂಲಿ ಬ್ಯಾಚ್ 5 ಗ್ಯಾಲನ್, ಅಂದರೆ 19 ಲೀಟರ್. ಹಾಗಾದರೆ 5 ಗ್ಯಾಲನ್ ಕೂಲರ್ ಸಾಕು ಎಂದು ಹಲವರು ಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ. 5 ಕಿಲೋ ಮಾಲ್ಟ್‌ಗೆ ಕಿಲೋಗೆ 3 ಲೀಟರ್‌ನಂತೆ 15 ಲೀಟರ್ ನೀರು. ನೆನೆದ ಒಂದು ಕಿಲೋ ಕಾಳು ಸುಮಾರು 0.67 ಲೀಟರ್ ಜಾಗ ಹಿಡಿಯುತ್ತದೆ, ಅಂದರೆ ಇನ್ನೊಂದು 3.35 ಲೀಟರ್. ಒಟ್ಟು 18.35. ಐದು ಗ್ಯಾಲನ್ ಕೂಲರ್ ಹಿಡಿಯುವುದು 18.9. ಕಂಠಮಟ್ಟ ತುಂಬಿದ ಪಾತ್ರೆಯಲ್ಲಿ ಸೌಟು ಆಡಿಸಲಾಗದು. ಅದಕ್ಕಿಂತ ಮುಖ್ಯವಾದ ಮಾತೆಂದರೆ ಕೂಲರ್ ಅನ್ನು ಒಲೆಯ ಮೇಲಿಟ್ಟು ಬಿಸಿ ಮಾಡಲಾಗದು. ಉಷ್ಣತೆ ಏರಿಸಬೇಕೆಂದರೆ ಕುದಿನೀರು ಸುರಿಯುವುದೇ ಸುಲಭದ ದಾರಿ. ಇದೇ ಮ್ಯಾಶನ್ನು (ಕಾಳು ನೀರಿನ ಮಿಶ್ರಣವನ್ನು) 66ರಿಂದ 76 ಡಿಗ್ರಿಗೆ ತರಲು 7 ಲೀಟರ್ ಕುದಿನೀರು ಬೇಕು. ಆಗ ಒಟ್ಟು 25 ಲೀಟರ್ ದಾಟುತ್ತದೆ. ಹಾಗಾಗಿ 5 ಗ್ಯಾಲನ್ ಬ್ಯಾಚ್‌ಗೆ 10 ಗ್ಯಾಲನ್ ಕೂಲರ್ ಕೊಳ್ಳಿ ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನೂ ದೊಡ್ಡದು ಬೇಡ. ಮ್ಯಾಶ್ ತೆಳುವಾಗಿ ಹರಡಿಕೊಂಡರೆ ಮೇಲಿನ ಖಾಲಿ ಜಾಗಕ್ಕೆ ಬಿಸಿ ಹೋಗುತ್ತದೆ, ಸೋಸುವ ಪದರವೂ ತೆಳುವಾಗುತ್ತದೆ.

ಆಕಾರ ತೀರ್ಮಾನವಾಗಬೇಕಾದ್ದು ನೀವು ಸ್ಪಾರ್ಜ್ ಮಾಡುವ, ಅಂದರೆ ಕಾಳಿನಲ್ಲಿ ಉಳಿದ ಸಕ್ಕರೆಯನ್ನು ಬಿಸಿನೀರಿನಿಂದ ತೊಳೆದು ತೆಗೆಯುವ, ರೀತಿಯಿಂದ. ಮೇಲಿನಿಂದ ನೀರು ಚಿಮುಕಿಸುತ್ತ ಕೆಳಗಿನಿಂದ ಅಷ್ಟೇ ನಿಧಾನವಾಗಿ ವರ್ಟ್ ತೆಗೆಯುವ ಫ್ಲೈ ಸ್ಪಾರ್ಜ್‌ನಲ್ಲಿ ನೀರು ಕಾಳಿನ ಪದರದ ಎಲ್ಲ ಭಾಗವನ್ನೂ ಸಮನಾಗಿ ತೊಳೆಯಬೇಕು. ಅದಕ್ಕೆ ದುಂಡಗಿನ, ಎತ್ತರದ ಕೂಲರ್ ಮತ್ತು ತಳವೆಲ್ಲ ಮುಚ್ಚುವ ಫಾಲ್ಸ್ ಬಾಟಮ್ (ತೂತುಗಳಿರುವ ತಟ್ಟೆ) ಬೇಕು. ಚೌಕದ ಕೂಲರ್‌ನಲ್ಲಿ ಇದನ್ನು ಮಾಡಬೇಕೆಂದರೆ ತಾಮ್ರದ ಪೈಪಿಗೆ ಸೀಳು ಹಾಕಿ ತಳದುದ್ದಕ್ಕೂ ಮ್ಯಾನಿಫೋಲ್ಡ್ (ಪೈಪುಗಳ ಜಾಲ) ಕಟ್ಟಬೇಕು, ಸೀಳುಗಳು ಕೆಳಮುಖವಾಗಿರಬೇಕು, ಪೈಪು ಗೋಡೆಗೆ ಅಂಟಿಕೊಂಡಿರಬಾರದು. ಅಂಟಿದ್ದರೆ ನೀರು ಕಾಳನ್ನು ಬಿಟ್ಟು ಗೋಡೆಗುಂಟ ಇಳಿದುಹೋಗುತ್ತದೆ, ಸಕ್ಕರೆ ಕಾಳಿನಲ್ಲೇ ಉಳಿಯುತ್ತದೆ. ಬ್ಯಾಚ್ ಸ್ಪಾರ್ಜ್‌ಗೆ ಈ ತಲೆನೋವಿಲ್ಲ. ಪೂರ್ತಿ ಬಸಿದು, ಬಿಸಿನೀರು ಸುರಿದು, ಕಲಕಿ, ಮತ್ತೆ ಬಸಿಯುವುದಷ್ಟೇ. ಕಲಕಿದ ಮೇಲೆ ಸಕ್ಕರೆ ಎಲ್ಲ ಕಡೆ ಸಮ ಆಗಿರುವುದರಿಂದ ಕೂಲರ್ ಯಾವ ಆಕಾರದ್ದಾದರೂ ನಡೆಯುತ್ತದೆ. ಮನೆಯಲ್ಲಿ ಆಗಲೇ 48 ಕ್ವಾರ್ಟ್‌ನ (ಸುಮಾರು 45 ಲೀಟರ್) ಪಿಕ್ನಿಕ್ ಕೂಲರ್ ಇದ್ದರೆ ಹೊಸದು ಕೊಳ್ಳಬೇಡಿ, ಬ್ಯಾಚ್ ಸ್ಪಾರ್ಜ್ ಮಾಡಿ. ಹೊಸದಾಗಿ ಕೊಳ್ಳುವವರು ಇಗ್ಲೂ ಅಥವಾ ರಬ್ಬರ್‌ಮೇಡ್ ಮಾದರಿಯ, ನಲ್ಲಿ ಇರುವ ದುಂಡು ನೀರಿನ ಕೂಲರ್ ಕೊಂಡರೆ ಎರಡೂ ವಿಧಾನಕ್ಕೆ ಬಾಗಿಲು ತೆರೆದಿರುತ್ತದೆ.

ಕೊಳ್ಳುವಾಗ ಮುಚ್ಚಳ ತಟ್ಟಿ ನೋಡಿ. ಎಷ್ಟೋ ಕೂಲರ್‌ಗಳ ಗೋಡೆಯಲ್ಲಿ ಫೋಮ್ ಇರುತ್ತದೆ, ಮುಚ್ಚಳ ಮಾತ್ರ ಟೊಳ್ಳು. ತಣ್ಣಗಿಡಲು ಅದು ನಡೆಯುತ್ತದೆ, ಏಕೆಂದರೆ ತಂಪು ಗಾಳಿ ಕೆಳಗೇ ನಿಲ್ಲುತ್ತದೆ. ಬಿಸಿಯಾದರೋ ಮೇಲಕ್ಕೇ ಏರುತ್ತದೆ. ಮುಚ್ಚಳದ ಒಳಮೈಗೆ ಸಣ್ಣ ತೂತು ಕೊರೆದು ಉಬ್ಬುವ ಫೋಮ್ ಸ್ವಲ್ಪಸ್ವಲ್ಪವೇ ತುಂಬಬಹುದು. ಒಮ್ಮೆಲೇ ತುಂಬಿದರೆ ಮುಚ್ಚಳ ಉಬ್ಬಿ ಕೂರದಂತಾಗುತ್ತದೆ. ಫೋಮ್ ಒಣಗಿದ ಮೇಲೆ ತೂತುಗಳನ್ನು ಆಹಾರಕ್ಕೆ ಯೋಗ್ಯವಾದ ಸಿಲಿಕೋನ್‌ನಿಂದ ಮುಚ್ಚಿ. ಅಷ್ಟು ಬೇಡವೆಂದರೆ ದಪ್ಪ ಕಂಬಳಿ ಹೊದಿಸಿದರೂ ಸಾಕು. ಗಂಟೆಗೆ ಒಂದೆರಡು ಡಿಗ್ರಿ ಇಳಿಯುವುದು ಸಹಜ, ಅದರಿಂದ ಬಿಯರ್ ಕೆಡುವುದಿಲ್ಲ.

ಇನ್ನು ವಾಲ್ವ್. ಕೂಲರ್ ಒಳಗಿನಿಂದ ಪ್ಲಾಸ್ಟಿಕ್ ನಟ್ ತಿರುಗಿಸಿದರೆ ನಲ್ಲಿ ಕಳಚಿ ಬರುತ್ತದೆ. ಅದರ ರಬ್ಬರ್ ಗ್ಯಾಸ್ಕೆಟ್ ಎಸೆಯಬೇಡಿ. ಆ ತೂತಿಗೆ ಅರ್ಧ ಇಂಚಿನ ಸ್ಟೇನ್‌ಲೆಸ್ ನಿಪ್ಪಲ್, ಅಂದರೆ ಎರಡೂ ತುದಿಗೆ ಮರೆ (ತಿರುಪಿನ ಸುತ್ತು) ಇರುವ ತುಂಡು ಪೈಪು, ಹೋಗುತ್ತದೆ. ಅರ್ಧ ಇಂಚು ಎಂದು ಕರೆದರೂ ಅದರ ಹೊರವ್ಯಾಸ 21.3 ಮಿಲಿಮೀಟರ್. ನಿಪ್ಪಲ್ ಎಷ್ಟು ಉದ್ದ ಬೇಕೆಂದು ಊಹಿಸಬೇಡಿ. ತೂತಿನಲ್ಲಿ ಕಡ್ಡಿ ತೂರಿಸಿ ಗೋಡೆಯ ದಪ್ಪ ಗುರುತು ಮಾಡಿ, ವಾಷರ್‌ಗಳ ದಪ್ಪ ಕೂಡಿಸಿ, ಎರಡೂ ಬದಿಗೆ 13 ಮಿಲಿಮೀಟರ್‌ನಂತೆ ಮರೆಗೆ ಜಾಗ ಸೇರಿಸಿ. ಜಿಂಕ್ ಲೇಪನದ ಪೈಪು ಬೇಡವೇ ಬೇಡ: ಮ್ಯಾಶ್‌ನ ಪಿಎಚ್ 5.2ರಿಂದ 5.6, ಆ ಹುಳಿಗೆ ಜಿಂಕ್ ಕರಗುತ್ತದೆ. ಹಿತ್ತಾಳೆಯಾದರೆ ಸೀಸವಿಲ್ಲದ್ದೆಂದು ನಮೂದಿಸಿದ್ದೇ ಆಗಿರಲಿ.

ಜೋಡಿಸುವ ಕ್ರಮ ಒಳಗಿನಿಂದ ಹೊರಕ್ಕೆ ಹೀಗಿರಲಿ: ಫಿಲ್ಟರ್ ಸಿಕ್ಕಿಸುವ ಕಪ್ಲಿಂಗ್, ಸ್ಟೇನ್‌ಲೆಸ್ ವಾಷರ್, ಸಿಲಿಕೋನ್ ಓ-ರಿಂಗ್ ಅಥವಾ ಆ ಹಳೆಯ ಗ್ಯಾಸ್ಕೆಟ್, ಕೂಲರ್ ಗೋಡೆ, ಹೊರಗೆ ಒಂದೋ ಎರಡೋ ವಾಷರ್, ಕೊನೆಗೆ ಬಾಲ್ ವಾಲ್ವ್. ಎರಡೂ ಮರೆಗೆ ಟೆಫ್ಲಾನ್ ಟೇಪ್. ಸೋರಿಕೆ ತಡೆಯುವ ರಬ್ಬರ್ ಒಳಗೋಡೆಗೇ ಒತ್ತಿಕೊಂಡಿರಬೇಕು. ಅದನ್ನು ಹೊರಗೆ ಮಾತ್ರ ಹಾಕಿದರೆ ಒಂದು ಹನಿಯೂ ಹೊರಗೆ ಕಾಣುವುದಿಲ್ಲ, ಆದರೆ ವರ್ಟ್ ಎರಡು ಗೋಡೆಗಳ ನಡುವಿನ ಫೋಮಿಗೆ ಇಳಿಯುತ್ತದೆ. ಅಲ್ಲಿ ಹುಳಿತು ಬೂಸ್ಟು ಹಿಡಿಯುತ್ತದೆ. ತೊಳೆಯಲು ಕೈಗೆ ಎಟುಕದ ಜಾಗ ಅದು; ವಾಸನೆ ಬಂತೆಂದರೆ ಕೂಲರ್ ಬಿಸಾಡುವುದೇ ಗತಿ. ಪೈಪ್ ಮರೆ ತುದಿಯಿಂದ ಒಳಕ್ಕೆ ದಪ್ಪವಾಗುತ್ತ ಹೋಗುವುದರಿಂದ ವಾಲ್ವ್ ಗೋಡೆ ಮುಟ್ಟುವ ಮೊದಲೇ ಬಿಗಿಯಾಗಿ ನಿಲ್ಲಬಹುದು. ಆಗ ಬಲ ಹಾಕಬೇಡಿ, ಹೊರಗೆ ಇನ್ನೊಂದು ವಾಷರ್ ಸೇರಿಸಿ. ಕೈಯಲ್ಲಿ ಬಿಗಿಸಿ, ಮೇಲೆ ಸ್ಪ್ಯಾನರ್‌ನಿಂದ ಕಾಲು ಸುತ್ತು, ಅಷ್ಟೇ. ಹೆಚ್ಚು ಬಿಗಿದರೆ ಓ-ರಿಂಗ್ ಪಕ್ಕಕ್ಕೆ ಜಾರುತ್ತದೆ. ಪರೀಕ್ಷೆ ತಣ್ಣೀರಲ್ಲಿ ಮುಗಿಸಬೇಡಿ. ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಆಗ ಸೋರಲು ಶುರುವಾಗಬಹುದು. 70 ಡಿಗ್ರಿ ನೀರು ತುಂಬಿ, ಕೆಳಗೆ ಒಣ ಕಾಗದ ಹಾಸಿ, ಒಂದು ಗಂಟೆ ಬಿಡಿ. ಬಿಸಿ ಎಷ್ಟು ಇಳಿಯಿತೆಂಬುದೂ ಅದರಲ್ಲೇ ಗೊತ್ತಾಗುತ್ತದೆ. ಕೊನೆಗೆ ಬಸಿದು, ತಳದಲ್ಲಿ ಉಳಿದ ನೀರು ಅಳೆದು ಬರೆದಿಡಿ, ಮುಂದೆ ನೀರಿನ ಲೆಕ್ಕಕ್ಕೆ ಬೇಕು.

ಬ್ಯಾಚ್ ಸ್ಪಾರ್ಜ್‌ಗೆ ಅಗ್ಗದ, ಒಳ್ಳೆಯ ಫಿಲ್ಟರ್ ಎಂದರೆ ಸಿಂಕ್ ಅಥವಾ ಫ್ಲಶ್ ಟ್ಯಾಂಕಿಗೆ ನೀರು ಕೊಡುವ ಹೆಣೆದ ಮೆತುಕೊಳವೆ. ಹೆಣಿಗೆ ನಿಜವಾದ ಸ್ಟೇನ್‌ಲೆಸ್ ಆಗಿರಬೇಕು, ಉಕ್ಕಿನ ಹಾಗೆ ಕಾಣುವ ಪ್ಲಾಸ್ಟಿಕ್‌ನವೂ ಸಿಗುತ್ತವೆ. ಎರಡೂ ತುದಿ ಕತ್ತರಿಸಿ, ಹೆಣಿಗೆಯನ್ನು ಒಳಕ್ಕೆ ದೂಡಿ ಹಿಗ್ಗಿಸಿ ಒಳಗಿನ ರಬ್ಬರ್ ಕೊಳವೆಯನ್ನು ಪೈಜಾಮದ ಲಾಡಿ ಎಳೆದ ಹಾಗೆ ಎಳೆದು ತೆಗೆಯಿರಿ. ಒಂದು ತುದಿ ಎರಡು ಮಡಿಕೆ ಮಾಡಿ ಚಪ್ಪಟೆ ಬಡಿಯಿರಿ, ಇನ್ನೊಂದನ್ನು ಕಪ್ಲಿಂಗ್‌ಗೆ ಕೂರಿಸಿದ ಬಾರ್ಬ್‌ಗೆ (ಕೊಳವೆ ಸಿಕ್ಕಿಸುವ ಮೂತಿಗೆ) ಸ್ಟೇನ್‌ಲೆಸ್ ಕ್ಲ್ಯಾಂಪ್‌ನಿಂದ ಬಿಗಿಯಿರಿ. ಒಳಗೆ ದಪ್ಪ ತಾಮ್ರದ ತಂತಿಯನ್ನು ಸುರುಳಿ ಮಾಡಿ ತೂರಿಸಿಡಿ, ಇಲ್ಲದಿದ್ದರೆ ಕಾಳಿನ ಭಾರಕ್ಕೆ ಹೆಣಿಗೆ ಚಪ್ಪಟೆಯಾಗಿ ಹರಿವು ನಿಲ್ಲುತ್ತದೆ. ಫಾಲ್ಸ್ ಬಾಟಮ್ ಹಾಕುವವರು ಕಾಳಿಗಿಂತ ಮೊದಲು ನೀರು ಬಿಟ್ಟು ಅದರ ಅಡಿಯ ಗಾಳಿ ತೆಗೆಯಬೇಕು; ಅದು ತೇಲಿ ಎದ್ದರೆ ಅಡಿಗೆ ಕಾಳು ನುಗ್ಗಿ ವಾಲ್ವ್ ಕಟ್ಟಿಕೊಳ್ಳುತ್ತದೆ.

ಮ್ಯಾಶ್ ದಿನದ ನೀರಿನ ಲೆಕ್ಕ ಸರಳ. ಗುರಿಯ ಉಷ್ಣತೆಯಿಂದ ಕಾಳಿನ ಉಷ್ಣತೆ ಕಳೆಯಿರಿ, 0.41ರಿಂದ ಗುಣಿಸಿ, ಕಿಲೋಗೆ ಹಾಕುವ ಲೀಟರ್‌ನಿಂದ ಭಾಗಿಸಿ, ಬಂದದ್ದನ್ನು ಗುರಿಗೆ ಕೂಡಿಸಿ. ಕಾಳು 20 ಡಿಗ್ರಿ, ಗುರಿ 67, ಕಿಲೋಗೆ 3 ಲೀಟರ್ ಆದರೆ ನೀರು 73.4 ಡಿಗ್ರಿ ಇರಬೇಕು. ಆದರೆ ಕೂಲರ್ ಗೋಡೆಯೂ ಬಿಸಿ ಹೀರುತ್ತದೆ. ಆದ್ದರಿಂದ 77–78 ಡಿಗ್ರಿಯ ನೀರು ಸುರಿದು, ಮುಚ್ಚಿ, 73.5ಕ್ಕೆ ಇಳಿದ ಮೇಲೆ ಕಾಳು ಹಾಕಿ. ಬರಿಯ ಕುದಿನೀರನ್ನು ಖಾಲಿ ಕೂಲರ್‌ಗೆ ಸುರಿದರೆ ಒಳಗೋಡೆ ಉಬ್ಬಿ ಸೊಟ್ಟಗಾಗಬಹುದು. ಕಾಳನ್ನು ಸ್ವಲ್ಪಸ್ವಲ್ಪವೇ ಸುರಿಯುತ್ತ ಮುದ್ದೆಗಳು ಒಡೆಯುವವರೆಗೆ ಕಲಕಿ. ಒಳಗೆ ಒಣಗಿ ಉಳಿದ ಹಿಟ್ಟಿನಿಂದ ಸಕ್ಕರೆ ಬರುವುದಿಲ್ಲ. ಗುರಿಗಿಂತ ಎರಡು ಡಿಗ್ರಿ ಕಡಿಮೆ ನಿಂತರೆ ಈ ಪ್ರಮಾಣಕ್ಕೆ ಒಂದು ಲೀಟರ್ ಕುದಿನೀರು ಸರಿಪಡಿಸುತ್ತದೆ.

ಬಸಿಯುವಾಗ ವಾಲ್ವ್ ಒಮ್ಮೆಲೇ ಪೂರ್ತಿ ತೆರೆಯಬೇಡಿ. ಮೊದಲ ಎರಡು ಮೂರು ಲೀಟರ್ ನಿಧಾನವಾಗಿ ಹಿಡಿದು, ಹೊಟ್ಟಿನ ಚೂರು ಬರುವುದು ನಿಲ್ಲುವವರೆಗೆ ಮೇಲಿಂದ ಮೆಲ್ಲಗೆ ಮರಳಿ ಸುರಿಯಿರಿ. ಒಂದು ಕಿಲೋ ಕಾಳು ಸುಮಾರು ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳುತ್ತದೆ. 5 ಕಿಲೋಗೆ 15 ಲೀಟರ್ ಹಾಕಿದರೆ ಕೈಗೆ ಬರುವುದು 10, ತಳದಲ್ಲಿ ಉಳಿಯುವುದನ್ನು ಅದರಲ್ಲೂ ಕಳೆಯಿರಿ. ಕುದಿಸಲು 26 ಲೀಟರ್ ಬೇಕಿದ್ದರೆ ಸ್ಪಾರ್ಜ್ ನೀರು ಸುಮಾರು 16 ಲೀಟರ್. ಅದನ್ನು ಸುರಿದು ಕಲಕಿದ ಮೇಲೆ ಕಾಳು 77 ಡಿಗ್ರಿ ದಾಟದಿರಲಿ, ಹೆಚ್ಚು ಬಿಸಿ ಮತ್ತು 6ಕ್ಕಿಂತ ಮೇಲಿನ ಪಿಎಚ್ ಸೇರಿದರೆ ಹೊಟ್ಟಿನ ಒಗರು ಬಿಯರ್‌ಗೆ ಇಳಿಯುತ್ತದೆ.

ಹರಿವು ನಿಂತೇಬಿಟ್ಟರೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು: ಕಾಳು ಹಿಟ್ಟಾಗುವಷ್ಟು ನುಣ್ಣಗೆ ಒಡೆದಿರುವುದು, ಗೋಧಿ, ರೈ ಅಥವಾ ಓಟ್ಸ್ ಜಾಸ್ತಿ ಇರುವುದು, ವಾಲ್ವ್ ರಭಸವಾಗಿ ತೆರೆದು ಪದರ ಒತ್ತಿಕೊಂಡಿರುವುದು. ವಾಲ್ವ್ ಮುಚ್ಚಿ, ಒಂದೆರಡು ಲೀಟರ್ ಬಿಸಿನೀರು ಸೇರಿಸಿ ಕಲಕಿ, ಹತ್ತು ನಿಮಿಷ ಬಿಟ್ಟು ನಿಧಾನವಾಗಿ ತೆರೆಯಿರಿ. ಗಿರಣಿಯ ರೋಲರ್ ಅಂತರ ಒಂದು ಮಿಲಿಮೀಟರ್ ಆಸುಪಾಸಿನಲ್ಲಿ ಇಡಿ. ಗೋಧಿ ಅರ್ಧದಷ್ಟಿದ್ದರೆ ಮೊದಲೇ ಕಾಲು ಕಿಲೋ ಭತ್ತದ ಹೊಟ್ಟು ತೊಳೆದು ಬೆರೆಸಿ. ನಮ್ಮ ಅಕ್ಕಿ ಗಿರಣಿಗಳ ಹಿಂದೆ ರಾಶಿ ಬೀಳುವ ಅದೇ ಹೊಟ್ಟು; ಅಮೆರಿಕದ ಹೋಮ್‌ಬ್ರೂ ಅಂಗಡಿಗಳಲ್ಲಿ ಶುಚಿ ಮಾಡಿ ಚೀಲದಲ್ಲಿ ಮಾರುತ್ತಾರೆ.

ಮ್ಯಾಶ್ ಟನ್‌ಗೆ ಸ್ಯಾನಿಟೈಸರ್ ಬೇಕಿಲ್ಲ, ವರ್ಟ್ ಹೇಗೂ ಕುದಿಯುತ್ತದೆ. ಆದರೆ ಹೊಟ್ಟನ್ನು ರಾತ್ರಿಯಿಡೀ ಅದರಲ್ಲೇ ಬಿಡಬೇಡಿ, ಬೆಳಗಾಗುವಷ್ಟರಲ್ಲಿ ಹುಳಿ ವಾಸನೆ ಹಿಡಿದಿರುತ್ತದೆ. ಮೆತ್ತನೆಯ ಬಟ್ಟೆಯಲ್ಲಿ ತೊಳೆಯಿರಿ, ಗೀರುವ ಉಕ್ಕಿನ ನಾರು ಬೇಡ. ಬಾಲ್ ವಾಲ್ವ್‌ನ ಗುಂಡಿನ ಹಿಂದೆ ವರ್ಟ್ ಸಿಕ್ಕಿಕೊಳ್ಳುವುದರಿಂದ ಬಿಚ್ಚಲು ಬರುವ ಮೂರು ತುಂಡಿನ ವಾಲ್ವ್ ಕೊಂಡರೆ ಒಳ್ಳೆಯದು; ಆಗಾಗ ಬಿಚ್ಚಿ, ಸೋಡಿಯಂ ಪರ್‌ಕಾರ್ಬೊನೇಟ್ ಬೆರೆಸಿದ ಬಿಸಿನೀರಿನಲ್ಲಿ ನೆನೆಸಿ ಚೆನ್ನಾಗಿ ತೊಳೆಯಿರಿ. ಕೂಲರ್ ಒಣಗಿದ ಮೇಲೂ ಮುಚ್ಚಳ ಬಿಗಿಯಾಗಿ ಹಾಕದೆ ಇಡಿ.